ಅಂಚಿನಾಗ ನಿಂತ ಓಬಳೇಶಪ್ಪ

…ಹಂಗಾರ ಈ ಒಗಟು ಬಿಡಿಸು ಅಕ್ಕಾ. ಒಂದು ತುತ್ತೂ ಜಾಸ್ತಿ ಉಣ್ಣಲಿಲ್ಲ, ನಿಂತಲ್ಲೇ ನಿಂತಿದ್ದ, ಕಣ್ಣು ಮಿಟುಕಿಸೋದ್ರಾಗ ಎರಡು ಪಟ್ಟು ದಪ್ಪಾದ. ಯಾರು? ಬಲೂನಾ? ಥೂ, ಹೋಗು! ಹೊಳಲಿನ ಮದುವ್ಯಾಗ ಇದ್ನಲ್ಲ, ಹುಡುಗನ ಸೋದರಮಾವ… ಓಬಳೇಶಪ್ಪ!

ಯಾಕ ನಗವಲ್ಲಿ? ನೀ ಸ್ಟುಡಿಯೋ ತೆಗೆದ ಮ್ಯಾಲೆ ಮೊದಲನೇ ದೊಡ್ಡ ಮದುವಿ. ಗ್ರೂಪ್ ಫೋಟೋ ನಾ ಹೊಡೆದೆ, ಫ್ರೇಮ್ ಹಾಕಿಸಿದೆ, ಇವತ್ತು ಹೋಗಿ ಕೊಟ್ಟು ಬಂದೆ. ಮುಗೀತು!

ಯಾವ ಲೆನ್ಸಾ? ಆಂ… ಹದಿನಾರು ಎಂಎಂದು, ಆ ಅಗಲಂದು. ಕಣ್ಣು ಬಿಡಬ್ಯಾಡ! ನೀನೇ ಕಲಿಸಿದ್ದಲ್ಲ? ಜಾಗ ಸಾಲದಿದ್ರ ಅಗಲದ್ದು. ಮದುಮಗಳ ಮಾರಿಗೆ ಎಂಬತ್ತೈದರದ್ದು, ಹಿಂದಿನ ಕುರ್ಚಿ, ಕೊಡಪಾನ ಎಲ್ಲಾ ಬೆಣ್ಣಿಯಂಗ ಕರಗಿ ಹೋಗ್ತಾವ. ದೂರದ ನವಿಲಿಗೆ ಉದ್ದಂದು… ಮನ್ನೆ ಅದನ್ನ ಹೊಲದಾಗ ಹಿಡಕಂಡು ನಿಂತಿದ್ರ ಪಕ್ಕದ ಹೊಲದ ಬಾಷಾ ಪೈಪು ಅಂತ ತಿಳಕೊಂಡು "ಮೋಟ್ರು ಚಾಲೂ ಮಾಡ್ಲೇನು?" ಅಂದ! ಗಣಿತದಾಗ ಎರಡು ಸಲ ಡುಮ್ಕಿ ಹೊಡೆದೋನು ನಾ. ಆದ್ರ ಈ ನಂಬರ್ ನಿದ್ದಿಗಣ್ಣಾಗೂ ಹೇಳ್ತೀನಿ.

ಹೂಂ, ಗೊತ್ತೈತಿ. ಅಗಲದ್ದರಾಗ ಅಂಚಿನೋರು ಹಿಗ್ಗಿ ಕಾಣ್ತಾರ, ಅಲ್ಲಿ ಸಣಕಲು ಹುಡುಗ್ರನ್ನ ನಿಲ್ಲಿಸ್ಬೇಕು. ಮರ್ತೆ! ಖರೇ ಮರ್ತೆ… ಹಿಂದ ಸರಿಯಾಕ ಜಾಗ ಇತ್ತಾ? ಇತ್ತು. ಎತ್ತಿನ ಬಂಡಿ ತಿರುಗುವಷ್ಟು ಇತ್ತು. ಇದ್ದಂಗ ತೋರಿಸೋ ಐವತ್ತರದ್ದೇ ಸಾಕಿತ್ತು.

ಅವನೇ ಬಂದು ಅಂಚಿಗೆ ನಿಂತ, ಆಣಿ ಮಾಡ್ಲೇನು? … ಬ್ಯಾಡ, ಆಣಿ ಬ್ಯಾಡ. ನಡುವಿದ್ದ. ನಾನೇ "ಮಾವಾರ, ನೀವು ಎತ್ರ ಅದೀರಿ, ಕಡೀಗೆ ಬರ್ರಿ, ಇನ್ನಾ ಸ್ವಲ್ಪ, ಇನ್ನಾ ಸ್ವಲ್ಪ" ಅಂದೆ. ಮೀಸಿ ತಿರುವಿಕೊಂತ ಬಂದ! ಫೋಟೋದಾಗ ನೋಡಿದ್ರ ಹೊಟ್ಟಿ ಮೆಕ್ಕೆಜೋಳದ ಚೀಲ, ಒಂದು ಕಿವಿ ಹಪ್ಪಳ!

ಸಿಟ್ಟಾಗಬ್ಯಾಡ, ಮುಂದ ಕೇಳು. ಇವತ್ತು ಫೋಟೋ ನೋಡಿ ಏನ್ ನಕ್ಕ ಅಂತಿ! "ಎಲೈ ಪ್ರಬುದ್ಧಾ, ನನ್ನ ಪೈಲ್ವಾನ್ ಮಾಡೀಯಲ್ಲೋ!" ಗ್ವಾಡಿಗೆ ಮೊಳಿ ಹೊಡೆದು ತೂಗು ಹಾಕಿದ. ಮಗಳ ಮದುವಿಗೂ ನಿಮ್ಮಕ್ಕನೇ ಬರ್ಲಿ ಅಂದ. ನಂಗ ಒಳಗ ಕರಕೊಂಡು ಹೋಗಿ, ಪಡಸಾಲ್ಯಾಗ ಕುಂದ್ರಿಸಿ, ಅವರ ಮನಿ ಪಿಂಗಾಣಿ ಕಪ್ಪಿನಾಗ ಚಾ…

ಏನು? ಯಾಕ ಹಂಗ ನೋಡ್ತಿ?

ಒಳಗ ಅಂದಿದ್ದಕ್ಕಾ?

…ಹೌದು. ಮದುವಿ ದಿನ ಅವ ಅಂದಿದ್ದು ನಾನೂ ಕೇಳಿಸ್ಕೊಂಡಿದ್ದೆ. ಊಟದ ಪಂಕ್ತಿ ಮುಂದ ಅವ "ಯಾರ ಪೈಕಿ ನೀವು?" ಅಂತ ಕೇಳಿದ. ನೀ ನಮ್ಮ ಕೇರಿ ಹೆಸರು ಹೇಳಿದಿ. ಆಮ್ಯಾಲೆ "ಫೋಟೋದೋರಿಗೆ ಹೊರಗ ಎಲಿ ಹಾಕ್ರಿ" ಅಂದ. ನೀ "ಹಸಿವಿಲ್ರಿ" ಅಂದಿ. ಮುಂಜಾನಿಂದ ಒಂದು ಬಾಳೆಹಣ್ಣು ತಿಂದಾಕಿ! ಅಲ್ಲೇ ಲೆನ್ಸ್ ಬದಲಿ ಮಾಡಿದೆ. ಮರೆತಿರಲಿಲ್ಲ.

ಏನಾರ ಅನ್ನು ಅಕ್ಕಾ. ಬೈಯಾರ ಬೈ… ಪರದಿ ಹಿಂದ ಯಾಕ ಹೊಂಟಿ? ಅಲ್ಲೇನಿಲ್ಲ! ತಾಳು… ಐತಿ. ಫ್ರೇಮು ಅಲ್ಲೇ ಐತಿ, ಸುತ್ತಿದ ಪೇಪರ್ ಸೈತ ಬಿಚ್ಚಿಲ್ಲ. ಹಡಗಲಿ ಬಸ್‌ಸ್ಟ್ಯಾಂಡ್ ತನಕ ಹೋಗಿದ್ದೆ. ಅವನ ಹೊಟ್ಟಿ ಕೆಳಗೇ "ಸಮತಾ ಡಿಜಿಟಲ್ ಸ್ಟುಡಿಯೋ, ಹರಪನಹಳ್ಳಿ" ಅಂತ ನಿನ್ನ ಹೆಸರು ಐತಲ್ಲ… ಅದು ನೆಪ್ಪಾಗಿ ಹೊಳಲು ಬಸ್ ಬಿಟ್ಟು ವಾಪಸ್ ಬಸ್ ಹತ್ತಿದೆ.

ಐವತ್ತರದ್ದರಾಗ ನೆಟ್ಟಗಿಂದೂ ಒಂದು ಹೊಡೆದೀನಿ. ಅದನ್ನ ಕೊಡಾಣು. ಅದರಾಗ ಅವ ಹೆಂಗದಾನೋ ಹಂಗೇ ಅದಾನ.

ಅವ ನಕ್ಕಿದ್ದು, ಮಗಳ ಮದುವಿ, ಒಳಗ ಕುಂದ್ರಿಸಿದ್ದು, ಆ ಪಿಂಗಾಣಿ ಕಪ್ಪು… ಅದೆಲ್ಲಾ ವಾಪಸ್ ಬರೋವಾಗ ಬಸ್ಸಿನಾಗ ಕುಂತು ನಾನೇ ಕಟ್ಟಿದ್ದು.