ಬೆರಳಿಗೆ ಸಿಗುವ ಹಾಡು

ಗಿಟಾರಿನ ತಂತಿ ಕೊಳ್ಳಲು ಬಂದ ಮೇಷ್ಟರು ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದರು. ಮುಂದೆ ಅಣ್ಣ ತಂಗಿ ನಿಂತಿದ್ದರು. ಕಂಪ್ಯೂಟರಿನಲ್ಲಿ ಹಾಡುಗಳ ಮಿಕ್ಸಿಂಗ್ ಮಾಡುವುದು ತಂಗಿಯ ಕೆಲಸ. ಅದಕ್ಕೆ ಹಾಡಿನ ದನಿ, ವಾದ್ಯಗಳನ್ನು ಏರಿಸಿ ಇಳಿಸುವ ಕಂಟ್ರೋಲರ್ ಒಂದನ್ನು ಆರಿಸಬೇಕಿತ್ತು.

"ಇದೇ ತಗೋ. ಎಲ್ಲಾ ಟಚ್ ಸ್ಕ್ರೀನು."

"ಬೆರಳಿಗೆ ಏನೂ ಸಿಗಲ್ಲ ಕಣೋ ಅಣ್ಣ. ಬರೀ ಗಾಜು."

"ಅದರಲ್ಲಿರೋದನ್ನ ನಾನು ಓದಿ ಹೇಳ್ತೀನಲ್ಲ."

"ಎಲ್ಲಿವರೆಗೆ?"

"ಬರೋ ವರ್ಷಕ್ಕೆ ನಿಂಗೆ ಈಗ ಕಾಣೋ ಅಷ್ಟೂ ಕಾಣಲ್ಲ ಅಂದಿದ್ದಾರೆ ಡಾಕ್ಟ್ರು. ಅಪ್ಪ ಈ ಕೆಲಸಾನೇ ಬಿಡು ಅಂತಿದ್ದಾರೆ."

"ಡಾಕ್ಟ್ರು ನೋಡಿದ್ದು ಕಣ್ಣನ್ನ. ಕಿವಿ ಬಗ್ಗೆ ಅವರನ್ನ ಯಾರು ಕೇಳಿದ್ರು?"

ಅವಳು ಪಕ್ಕದ ಕಂಟ್ರೋಲರಿನತ್ತ ತಿರುಗಿದಳು. ಅಂಗಡಿಯವನು ಹಾಡೊಂದನ್ನು ಹಾಕಿದ. ಉದ್ದ ಸೀಳುಗಳಲ್ಲಿದ್ದ ಫೇಡರ್ ಗುಂಡಿಗಳು ತಾವಾಗಿಯೇ ಸರಿದು, ಒಂದೊಂದು ಒಂದೊಂದು ಎತ್ತರದಲ್ಲಿ ನಿಂತವು. ಅವಳು ಕಣ್ಣು ಮುಚ್ಚಿ ಸಾಲಿನ ಮೇಲೆ ಬೆರಳಾಡಿಸಿದಳು.

"ಈ ಡ್ರಮ್ಮು ಹಾಡೋಳ ತಲೆ ಮೇಲೆ ಕೂತಿದೆ."

ಡ್ರಮ್ಮಿನ ಗುಂಡಿಯನ್ನು ಇಳಿಸಿದಳು. ಹಾಡುಗಾರ್ತಿಯ ದನಿ ತಿಳಿಯಾಗಿ ಮೇಲೆ ಬಂತು. ಮೇಷ್ಟರು ಮಿಸುಕದೆ ನಿಂತರು.

"ಇದು ಅರ್ಧ ಮೇಜು ತಿನ್ನತ್ತೆ."

"ಮೇಜು ನಂದೇ ತಾನೆ?"

"ಹಠಮಾರಿ. ಅಪ್ಪಂಗೇನು ಹೇಳ್ಲಿ?"

"ಬಿಡಲ್ವಂತೆ ಅನ್ನು. ಈಗ ಆ ಕಡೆ ಹಿಡ್ಕೋ."

ಇಬ್ಬರೂ ಪೆಟ್ಟಿಗೆ ಹಿಡಿದು ಹೊರಟರು. ಬಾಗಿಲಲ್ಲಿ ಅಣ್ಣ, ಮೆಟ್ಟಿಲಿದೆ ಎನ್ನಲು ಬಾಯಿ ತೆರೆದ. ಅವಳು ಆಗಲೇ ಇಳಿದಿದ್ದಳು.