ಶನಿಯ ಚಂದ್ರ

ದಿಂಬಂ ಘಾಟಿಯ ಟೀ ಅಂಗಡಿಯಲ್ಲಿ ತಾಳವಾಡಿ ಬಸ್ಸಿಗೆ ಕಾಯುತ್ತ ಚನ್ನಬಸಮ್ಮ ಕೂತಿದ್ದ ಬೆಂಚಿನಲ್ಲೇ ಕೂತು, ಸೋದರಮಾವನೊಬ್ಬ ಅಕ್ಕನ ಮಗಳನ್ನು ಗದರುತ್ತಿದ್ದ.

“ಗಂಡಿನವ್ರ ಮುಂದೆ ಶನಿ ಎಸರ ಯಾಕವ್ವ ಎತ್ತುದೆ?”

“ಏನ್ ಓದ್ತೀಯ ಅಂದ್ರು. ಶನಿಗೊಂದು ದೊಡ್ಡ ಚಂದ್ರ ಅದೆ, ಅದರ ಮೇಲ್ಗಾಳಿಯಿಂದ ಬರೋ ನೇರಳಾತೀತ ಬೆಳಕು, ಕಣ್ಗೆ ಕಾಣಲ್ಲ, ಅದನ್ನ ಓದ್ತೀನಿ ಅಂದೆ.”

“ಟೀಚರ್ ಟ್ರೈನಿಂಗು ಅನ್ನಕ್ಕಾಗ್ನಿಲ್ವಾ? ಗಂಡಿನ ಅಜ್ಜಿ, ಆ ಮುದ್ಕಿ, ಉಪ್ಪಿಟ್ಟು ಬುಟ್ಟು ಎದ್ದೋದ್ಲು!”

“ತಟ್ಟೆ ಬಳ್ಕಂಡೇ ಎದ್ದಿದ್ದು, ಮಾವ.”

“ಈಗ ಶನಿವಾರ ಶನಿವಾರ ಎಳ್ಳೆಣ್ಣೆ ದೀಪ ಅಚ್ಚಿ, ಓದು ಬುಡ್ತೀನಿ ಅಂತ ನೀನು ಆಣೆ ಮಾಡ್ಬೇಕಂತೆ. ಒಪ್ಕಂಡಿವ್ನಿ.”

“ಥೂ! ನನ್ನ ಓದು ಅವ್ರಿಗೆ ಮೈಲಿಗೆಯಾ? ಒಪ್ಕಂಡೋರು ನೀವು, ನೀವೇ ಅಚ್ಕಳಿ.”

ಮೈಸೂರು ಬಸ್ಸು ಬಂತು. ಹುಡುಗಿ ಚೀಲ ಎತ್ತಿಕೊಂಡು ಹತ್ತಿ ಹೋದಳು.

ಮಾವ ಚನ್ನಬಸಮ್ಮನ ಕಡೆ ತಿರುಗಿದ.

“ನೋಡುದ್ರಾ ತಾಯಿ, ಎಂಗೆ ಮಾತಾಡ್ತಾಳೆ!”

ಅವಳು ಬೆಂಚಿನಿಂದೆದ್ದು ಅವನಿಂದ ದೂರ ಹೋಗಿ ನಿಂತಳು.