ಬಾವಿ ಕಂಬದ ಪೆಟ್ಟಿಗೆ

ಇದು ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಅಲ್ಲಿ ಇಲ್ಲಿ ಕೇಳಿದ್ದಲ್ಲ, ಅಣ್ಣನ ಬಾಯಿಂದಲೇ ಕೇಳಿದ್ದು.

ಅವತ್ತು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕ್ಲಾಸು ಮುಗಿಸ್ಕೊಂಡು ಅಲ್ಲಿನ ಹಿಂದಿನ ಗೇಟಿನ ಕಡೆಯಿಂದ ಮನೆಗೆ ಹೊರಟಿದ್ದ. ಕತ್ತಲು. ಆ ದಾರೀಲಿ ಒಂದು ಹಳೇ ಬಾವಿ. ಮೊದಲೆಲ್ಲ ಸಿಳ್ಳೆ ಹಾಕ್ಕೊಂಡು ದಾಟ್ತಿದ್ದವನು ಅವತ್ತು ಉಸಿರು ಬಿಗಿ ಹಿಡಿದು ನಡೀತಿದ್ದ. ಯಾಕೆ ಅಂದ್ರೆ... ಅದನ್ನ ಮೊದಲು ಹೇಳಬೇಕು.

ಆ ಕೇಂದ್ರದಲ್ಲಿ ಕಲಿಸ್ತಿದ್ದದ್ದು ಬರೀ ಬೋರ್ಡಿನ ಪಾಠ ಅಲ್ಲ, ಕೈಯಾರೆ ಮಾಡಿ ಕಲಿಯೋ ವಿದ್ಯೆ. ನೆಟ್‌ವರ್ಕಿನ ಕೊನೇ ತುದೀಲಿ ಕೂತಿರೋ ಪುಟ್ಟ ಪೆಟ್ಟಿಗೆಯೊಳಗೇ ಆ್ಯಪ್ ಹಾಕಿ ಓಡಿಸೋದು. ದೂರದ ದೊಡ್ಡ ಕಂಪ್ಯೂಟರಿಗೆ ಕಳಿಸಿ ಉತ್ತರಕ್ಕೆ ಕಾಯೋ ಹಾಗಿಲ್ಲ. ಪೆಟ್ಟಿಗೆ ಇದ್ದಲ್ಲೇ ಕೇಳಬೇಕು, ಇದ್ದಲ್ಲೇ ತೀರ್ಮಾನ ಮಾಡಬೇಕು. ಬಾವಿ ಪಕ್ಕದ ಕಂಬಕ್ಕೆ ಅಂಥದ್ದೊಂದನ್ನ ಬಿಗಿದಿದ್ರು. ಒಂದು ಮೈಕು, ಒಂದು ದೀಪ, ಒಂದು ಸೈರನ್. ಯಾರಾದ್ರೂ ಒಳಗೆ ಬಿದ್ದು 'ಕಾಪಾಡಿ' ಅಂದ್ರೆ ಸೈರನ್ ಹೊಡ್ಕೋಬೇಕು. ನಾಯಿ, ಪಂಪು, ಕಾಗೆ ಇವುಗಳ ಸದ್ದಿಗೆ ಸುಮ್ಮನಿರಬೇಕು.

ಯಾವುದು ಯಾವ ಸದ್ದು ಅಂತ ಪೆಟ್ಟಿಗೆಗೆ ಕಲಿಸೋ ಕೆಲಸ ಅಣ್ಣನ ಪಾಲಿಗೆ ಬಂತು. ಜೊತೆಯವರನ್ನೆಲ್ಲ ಕೂಗಿಸಿ ರೆಕಾರ್ಡ್ ಮಾಡ್ಕೊಂಡ. ಅವರಲ್ಲೊಬ್ಬನಿಗೆ ಮಾತು ತಡವರಿಸ್ತಿತ್ತು. ತೊದ್ಲ ಅಂತಲೇ ಕರೀತಿದ್ರು. ಅವನು ಕೂಗಿದ್ದು 'ಕಾ... ಕಾ... ಕಾ...'. 'ಪಾಡಿ' ಬರೋ ಹೊತ್ತಿಗೆ ರೆಕಾರ್ಡೇ ಮುಗಿದಿತ್ತು. ಅಣ್ಣ ಅದನ್ನ ತಗೊಂಡು ಕಾಗೆಗಳ ಸದ್ದಿನ ಜೊತೆ ಸೇರಿಸಿ ಪೆಟ್ಟಿಗೆಗೆ ಹಾಕಿಬಿಟ್ಟ. ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡ್ಕೊಂಡು ನಕ್ಕಿತು. ಮೇಷ್ಟ್ರೂ ನಕ್ಕರು.

ಸಂಜೆ ತೊದ್ಲ ಒಬ್ಬನೇ ಬಂದು, ಅದನ್ನ ತೆಗೆದುಬಿಡು ಮಾರಾಯ ಅಂತ ಬೇಡ್ಕೊಂಡನಂತೆ. ಅಣ್ಣ ತಲೇನೂ ಎತ್ತಲಿಲ್ಲ.

"ಬಾವಿಗೆ ಬಿದ್ದಾಗ ಹೇಳು. ತೆಗೀತೀನಿ."

ಮಾರನೇ ದಿನ ಬೆಳಿಗ್ಗೆ ಬಾವಿಯಿಂದ ತೊದ್ಲನ ಹೆಣ ಎತ್ತಿದ್ರು. ಪೆಟ್ಟಿಗೆ ತನ್ನ ಕೂಗನ್ನ ಒಪ್ಪುತ್ತೋ ಇಲ್ವೋ ನೋಡೋಣ ಅಂತ ಕತ್ತಲಲ್ಲಿ ಕಟ್ಟೆ ಹತ್ತಿದ್ದನೋ ಏನೋ. ಕೂಡಲೇ ಸತ್ತಿರಲಿಲ್ಲ. ಕಲ್ಲು ಕೆರೆದು ಕೆರೆದು ಒಂದು ಬೆರಳಲ್ಲೂ ಉಗುರು ಉಳಿದಿರಲಿಲ್ಲ. ಗೇಟಿನ ಕಾವಲುಗಾರ, ರಾತ್ರಿಯೆಲ್ಲ ಒಂದು ಕಾಗೆ ಬಡ್ಕೋತಿತ್ತು, ಕತ್ತಲಲ್ಲಿ ಇದೆಂಥ ಕಾಗೆ ಅಂದ್ಕೊಂಡೆ ಅಂದ.

ತೊದ್ಲನ ಅಕ್ಕ ಅಣ್ಣನ ಕೈ ಹಿಡ್ಕೊಂಡಳು. "ನನ್ನ ತಮ್ಮ ಕೂಗಲೇ ಇಲ್ವೇನಪ್ಪ?"

"ಇಲ್ಲಕ್ಕ. ಕೂಗಿದ್ರೆ ಪೆಟ್ಟಿಗೆಗೆ ಕೇಳ್ತಿತ್ತು."

ಅಷ್ಟರೊಳಗೆ ಆ ರೆಕಾರ್ಡ್ ಅಳಿಸಿ, ಪೆಟ್ಟಿಗೆಗೆ ಬೇರೆ ಆ್ಯಪ್ ಹಾಕಿ ಮುಗಿಸಿದ್ದ. ಆಮೇಲೆ ಮೇಷ್ಟ್ರು ಕಂಬದ ಕರೆಂಟನ್ನೇ ತೆಗೆಸಿದ್ರು.

ಈಗ ಆ ರಾತ್ರಿಗೆ ಬನ್ನಿ. ಅಣ್ಣ ಕಂಬದ ಹತ್ತಿರ ಬಂದ. 'ಟಕ್'... ಪೆಟ್ಟಿಗೆಯೊಳಗೆ ಸ್ವಿಚ್ ಬಿದ್ದ ಸದ್ದು. ದೀಪ ಹತ್ತಿತು. ಕತ್ತರಿಸಿದ ತಂತಿ ಅಲ್ಲೇ ನೇತಾಡ್ತಿತ್ತು. ಕೆಳಗೆ ನೀರು 'ಗುಳುಂ' ಅಂತು. ಆಮೇಲೆ 'ಕರ್... ಕರ್...' ಕಲ್ಲಿನ ಮೇಲೆ ಏನೋ ಕೆರೆಯೋ ಸದ್ದು. ಉಗುರಿನದಲ್ಲ... ಮೂಳೆಯದು.

"ಯಾರು?" ಅಂತ ಪಿಸುಗುಟ್ಟಿದ.

ಬಾವಿಯೊಳಗಿಂದ ಚೂರೂ ತೊದಲದ ದನಿ ಬಂತು.

"ಬಿದ್ದಿದ್ದೀನಿ. ತೆಗಿ."

ಕಾಲು ಕೀಳೋಕೆ ಆಗಲಿಲ್ಲ. ಅಲ್ಲೇ ಗೇಟಿನ ಕೋಣೆಯ ಕಿಟಕೀಲಿ ಕಾವಲುಗಾರ ಕಾಣ್ತಿದ್ದ. ಕಾಪಾಡಿ, ಕಾಪಾಡಿ ಅಂತ ಗಂಟಲು ಹರಿಯೋ ಹಾಗೆ ಕೂಗಿದ. ಕಾವಲುಗಾರ ಹೊರಗೆ ಬಂದ. ಇವನ ಕಡೆಗೇ ನೋಡಿದ. ಬಗ್ಗಿ ಒಂದು ಕಲ್ಲು ಎತ್ಕೊಂಡ.

"ಹಾಳು ಕಾಗೆ" ಅಂತ ಬೀಸಿದ.

ಹಣೆಗೆ ಬಿತ್ತು. ಅಣ್ಣ ಇನ್ನೂ ಜೋರಾಗಿ ಕೂಗಿದ. ಇನ್ನೊಂದು ಕಲ್ಲು ಬಂತು. ಆಮೇಲೆ ಕಾವಲುಗಾರ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ.

ಬೆಳಿಗ್ಗೆ ಕಸ ಗುಡಿಸೋಕೆ ಬಂದವಳು ನೋಡ್ದಾಗ ಕಂಬದ ಬುಡದಲ್ಲಿ ಬಿದ್ದಿದ್ದ, ಮುಖದ ತುಂಬ ರಕ್ತ. ಕಾವಲುಗಾರ ಇವತ್ತಿಗೂ ಆಣೆ ಮಾಡ್ತಾನೆ, ಅಲ್ಲಿದ್ದದ್ದು ಕಾಗೆಯೇ, ಕಣ್ಣಾರೆ ಕಂಡೆ ಅಂತ. ಆ ಅಕ್ಕನಿಗೆ ನಿಜ ಹೇಳಿಬಿಡ್ತೀನಿ ಅಂತ ಅಣ್ಣ ಎಷ್ಟೋ ಸಲ ಹೊರಟ. ಅವಳ ಬಾಗಿಲ ತನಕ ಹೋಗಿ ವಾಪಸ್ ಬಂದ. ಇನ್ನೂ ಹೇಳಿಲ್ಲ.

ನಂಬೋದಾದ್ರೆ ನಂಬಿ, ಬಿಟ್ಟರೆ ಬಿಡಿ. ಅವತ್ತು ಅವನು ಬಾವಿಗೆ ಬಿದ್ದವನಲ್ಲ. ಬಟ್ಟೆ ಕೂಡ ಒಣಗಿಯೇ ಇತ್ತಂತೆ. ಆದ್ರೆ ದಿನಾ ಬೆಳಿಗ್ಗೆ ಅವನ ಎಡಗಿವಿ ಕಡೆ ದಿಂಬು ಒದ್ದೆ. ಡಾಕ್ಟರು ದೀಪ ಹಾಕಿ ನೋಡಿ, ಕಿವೀಲಿ ಏನೂ ಇಲ್ಲ ಅಂದ್ರು. ಹೋದ ವಾರ ನಮ್ಮ ಮನೇಲೇ ಮಲಗಿದ್ದ. ದಿಂಬಿನ ಕವರು ಒಗೆದವಳು ನಾನೇ... ಅದರಲ್ಲಿ ಹಸಿರು ಪಾಚಿ ಇತ್ತು.